ಬಡಗಿಯ ಹೆಸರು

1997ರಲ್ಲಿ ನಾವು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿದ್ದೆವು. 1477ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾಲಯದಿಂದ ಹೆಸರಾದ ಊರು ಅದು. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನಿತ್ತ ಕಿಟ್ಟೆಲ್ ಅವರು 1903ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ಆದರೆ ಹೋಗಿ ಏಳು ತಿಂಗಳಾದರೂ ಗುಡ್ಡದ ಮೇಲಿನ ವಿದ್ಯಾರ್ಥಿನಿಲಯ, ಬಸ್ಸು, ಗ್ರಂಥಾಲಯ ಇವನ್ನುಳಿದು ಊರನ್ನೇ ನಾವು ಕಂಡಿರಲಿಲ್ಲ. ಹಿರಿಯ ಗುರುಗಳು ಪ್ರತಿಯೊಂದು ಓಲೆಯಲ್ಲಿಯೂ, "ಅಲ್ಲಿಯ ನದಿ ಹೇಗಿದೆ? ಜನ ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ನಾವು ಓದಿದ ಗ್ರಂಥಗಳ ಪಟ್ಟಿಯನ್ನು ಬರೆದು ಕಳುಹಿಸುತ್ತಿದ್ದೆವು. ಭಕ್ತರು ಕೂಡಿಸಿಕೊಟ್ಟ ಹಣದಲ್ಲಿ ಓದಲು ಬಂದವರು ಬೀದಿ ಸುತ್ತುವುದು ತರವಲ್ಲವೆಂಬುದು ನಮ್ಮ ಎಣಿಕೆಯಾಗಿತ್ತು.

ಮೇ ತಿಂಗಳ ಒಂದು ರವಿವಾರ ಸಹಪಾಠಿಯೊಬ್ಬರಿಂದ ಪುಸ್ತಕ ತರಲೆಂದು ಹೊರಟಾಗ ಬಸ್ಸು ಕಣ್ಣೆದುರೇ ಹೋಗಿಬಿಟ್ಟಿತು. ಇಳಿಜಾರಿನ ರಸ್ತೆ, ಕಾಲುಗಳು ತಾವಾಗಿ ನಡೆಯತೊಡಗಿದವು. ಶ್ರೀಮಠದಲ್ಲಿ ನಾವು ಹೊರಗೆ ಅಡಿಯಿಟ್ಟರೆ ಹಿಂದೆ ಇಬ್ಬರು, ಮುಂದೆ ಇಬ್ಬರು. ಇಲ್ಲಿ ಕಾವಿಯ ಮೇಲೊಂದು ಉದ್ದನೆಯ ಕೋಟು, ಕೈಯಲ್ಲಿ ಛತ್ರಿ. ಯಾರೂ ತಿರುಗಿ ನೋಡಲಿಲ್ಲ. ವಾಹನವೇ ಇಲ್ಲದ ರಸ್ತೆಯೊಂದನ್ನು ಕೆಂಪು ದೀಪವಿರುವಾಗಲೇ ದಾಟಿದೆವು. ಎದುರಿಗಿದ್ದ ವೃದ್ಧೆಯೊಬ್ಬರು, "ಮಕ್ಕಳು ನೋಡಿ ಏನು ಕಲಿತಾರು?" ಎಂದು ಗದರಿದರು. ಗುರುಗಳಲ್ಲದೆ ಬೇರೆಯವರಿಂದ ಬೈಸಿಕೊಂಡು ಎಷ್ಟೋ ವರ್ಷಗಳಾಗಿದ್ದವು! ತಲೆತಗ್ಗಿಸಿ ಕ್ಷಮೆ ಕೇಳಿದೆವು. ಏಕೋ ಅಲ್ಲಿಂದ ಮುಂದೆ ಮನಸ್ಸು ಹಗುರಾಯಿತು. ಪುಸ್ತಕದ ನೆನಪು ಹೋಯಿತು.

ಮರದ ಚೌಕಟ್ಟಿನ ಹಳೆಯ ಮನೆಗಳು, ಪುರಭವನದ ಮೇಲೆ 1511ರ ಖಗೋಳ ಗಡಿಯಾರ. ಗಣಿತಜ್ಞ ಕೆಪ್ಲರನೂ ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗರೂ ವಿದ್ಯಾರ್ಥಿಗಳಾಗಿ ತಿರುಗಾಡಿದ ಓಣಿಗಳು ಅವು. ಇಳಿದಿಳಿದು ಹೋದರೆ ಕಡೆಗೆ ನೆಕರ್ ನದಿ. ನಮ್ಮ ತುಂಗಭದ್ರೆಯ ಮುಂದೆ ಸಣ್ಣದು. ಉದ್ದನೆಯ ಗಳುಗಳಿಂದ ನೂಕುತ್ತ ಹುಡುಗರು ದೋಣಿ ಸಾಗಿಸುತ್ತಿದ್ದರು. ದಂಡೆಯ ಮೇಲೊಂದು ಹಳದಿ ಗೋಪುರ. ಸಂಜೆಯಾದ್ದರಿಂದ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು, ನಮ್ಮ ಅರೆಬರೆ ಜರ್ಮನ್ ಭಾಷೆಗೆ ಮರುಗಿಯೋ ಏನೋ, ಅದರ ಕಥೆಯನ್ನು ಬಿಡಿಸಿ ಹೇಳಿದರು.

ಮಹಾಕವಿ ಹೋಲ್ಡರ್‌ಲಿನ್ ಬುದ್ಧಿಭ್ರಮಣೆಗೊಳಗಾದಾಗ ವೈದ್ಯರು, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಕೈಬಿಟ್ಟರಂತೆ. ಅವನ ಕಾದಂಬರಿಯನ್ನು ಓದಿ ಮೆಚ್ಚಿದ್ದ ಬಡಗಿಯೊಬ್ಬ 1807ರಲ್ಲಿ ಅವನನ್ನು ತನ್ನ ಮನೆಗೆ ಕರೆತಂದ. ಕವಿ ಅಲ್ಲಿಯೇ 36 ವರ್ಷ, 1843ರಲ್ಲಿ ಸಾಯುವವರೆಗೆ, ಇದ್ದ. ಖರ್ಚಿಗೆ ಕವಿಯ ಮನೆಯವರಿಂದ ಹಣ ಬರುತ್ತಿದ್ದುದು ನಿಜ. ಆದರೆ ಹಗಲಿರುಳು ತನ್ನಷ್ಟಕ್ಕೆ ಮಾತನಾಡಿಕೊಳ್ಳುವವನನ್ನು ಅಷ್ಟು ಕಾಲ ಮನೆಯವನಂತೆ ಇಟ್ಟುಕೊಳ್ಳುವ ತಾಳ್ಮೆಗೆ ಬೆಲೆ ಕಟ್ಟುವರಾರು? ದಾಸೋಹದ ಮೇಲೆ ನಾವು ಮಾಡಿದ್ದ ಉಪನ್ಯಾಸಗಳು ನೆನಪಾಗಿ ಸಂಕೋಚವಾಯಿತು.

ಆ ರಾತ್ರಿ ಗುರುಗಳಿಗೆ ಎಂಟು ಪುಟದ ಓಲೆ ಬರೆದೆವು. ಪುಸ್ತಕಗಳ ಪಟ್ಟಿ ಇಲ್ಲದ ಮೊದಲ ಓಲೆ. ತಿಂಗಳ ಮೇಲೆ ಉತ್ತರ ಬಂತು. ಅಕ್ಷರಗಳು ನಡುಗಿದ್ದವು, ಅವರು ಸ್ವಹಸ್ತದಿಂದ ನಮಗೆ ಬರೆದದ್ದು ಅದೇ ಕೊನೆ. ಇದ್ದುದು ಎರಡೇ ಸಾಲು: "ಓದಿ ಸಂತೋಷವಾಯಿತು. ಕವಿಯ ಹೆಸರು ಬರೆದಿರಿ, ತತ್ತ್ವಜ್ಞಾನಿಗಳ ಹೆಸರು ಬರೆದಿರಿ, ಬಡಗಿಯ ಹೆಸರೇನು?"

ನಾವು ಕೇಳಿಯೇ ಇರಲಿಲ್ಲ.

ಮುಂದಿನ ರವಿವಾರ ಬಸ್ಸಿಗೆ ಕಾಯದೆ ಗುಡ್ಡವಿಳಿದೆವು. ಗೋಪುರದ ಬಾಗಿಲು ತೆರೆದಿತ್ತು. ಅವರ ಹೆಸರು ಎರ್ನ್ಸ್ಟ್ ತ್ಸಿಮರ್. 1838ರಲ್ಲಿ ಅವರು ತೀರಿಕೊಂಡ ಮೇಲೆ ಕವಿಯನ್ನು ನೋಡಿಕೊಂಡವರು ಮಗಳು ಲೋಟೆ. ಎರಡೂ ಹೆಸರುಗಳನ್ನು ಒಂದು ಕಾರ್ಡಿನಲ್ಲಿ ಬರೆದು ಅಂದೇ ಅಂಚೆಗೆ ಹಾಕಿದೆವು.