ಸಂಬಳದ ಲೆಕ್ಕ ತಿದ್ದುವ ಕೆಲಸ

ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗಕ್ಕೆ ನಾನು ಸೇರಿದಾಗ ಸಂಬಳದ ಟಿಡಿಎಸ್ ರಿಟರ್ನ್ ಅಂದರೆ ವರ್ಷಕ್ಕೊಮ್ಮೆ ಕೊಡುವ ಫಾರಂ 24. ಕಾರ್ಬನ್ ಇಟ್ಟು ಟೈಪು ಮಾಡಿದ ಉದ್ದನೆಯ ಪಟ್ಟಿ. ಕೊಟ್ಟಾದ ಮೇಲೆ ತಪ್ಪು ಕಂಡರೆ ಲೆಟರ್‌ಹೆಡ್ಡಿನಲ್ಲೊಂದು ಪತ್ರ, ಜೊತೆಗೆ ತಿದ್ದಿದ ಹಾಳೆ. ಟಪಾಲಿನಲ್ಲಿ ಮೊಹರು ಬಿದ್ದರೆ ನಮ್ಮ ಕೆಲಸ ಮುಗಿಯಿತು. ಆ ಹಾಳೆ ಮೂಲ ಪಟ್ಟಿಯನ್ನು ಸೇರುತ್ತಿತ್ತೋ ಇಲ್ಲವೋ, ಯಾರೂ ವಿಚಾರಿಸುತ್ತಿರಲಿಲ್ಲ. ನೌಕರನ ಕೈಯಲ್ಲಿ ಕಂಪನಿ ಸಹಿ ಮಾಡಿದ ಫಾರಂ 16 ಇರುತ್ತಿತ್ತು, ಅಧಿಕಾರಿ ಅದನ್ನು ನಂಬುತ್ತಿದ್ದರು.

2005–06ರಿಂದ ಮೂರು ತಿಂಗಳಿಗೊಮ್ಮೆ ಕೊಡುವ ಫಾರಂ 24ಕ್ಯೂ ಬಂತು. ಸಿ.ಡಿ.ಯಲ್ಲಿ ಫೈಲು, ಅದರ ಜೊತೆ ಕೊಡಬೇಕಾದ ಫಾರಂ 27ಎಗೆ ಸಹಿ ಮಾಡಿ ಹಿಡಿದು ಎನ್‌ಎಸ್‌ಡಿಎಲ್ ಸ್ವೀಕಾರ ಕೇಂದ್ರದ ಮುಂದೆ ಸಾಲು. ಕೊಡುವ ಮುಂಚೆ ಎಫ್‌ವಿಯು ಎಂಬ ತಂತ್ರಾಂಶ ಫೈಲನ್ನು ಜಾಲಾಡುತ್ತಿತ್ತು. ಆದರೆ ಪ್ಯಾನ್ ವಿಷಯದಲ್ಲಿ ಅದು ನೋಡುತ್ತಿದ್ದುದು ಆಕಾರ ಮಾತ್ರ: ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. 7ರ ಜಾಗದಲ್ಲಿ 1 ಬಿದ್ದರೆ ಅದಕ್ಕೆ ಗೊತ್ತಾಗದು. ಒಬ್ಬರ ತೆರಿಗೆ ಹೋಗಿ ಇನ್ಯಾರದೋ ಖಾತೆಯಲ್ಲಿ ಕೂರುತ್ತಿತ್ತು.

ನಮ್ಮ ಫೋರ್‌ಮನ್ ಒಬ್ಬರಿಗೆ ಹೀಗೇ ಆಯಿತು. ಬಾಕಿ ತೆರಿಗೆ ಕಟ್ಟಿ ಎಂಬ ಕಾಗದ ಹಿಡಿದು ಬಂದರು. “ಸಂಬಳದಲ್ಲಿ ಹಿಡಕೊಂಡಿದ್ದೀರಲ್ಲ ಸಾರ್, ಮತ್ತೆ ನಾನ್ಯಾಕೆ ಕಟ್ಟಬೇಕು?” ಅವರು ಕೇಳಿದ್ದು ನ್ಯಾಯವೇ. ಹಿಡಿದ ತೆರಿಗೆಯನ್ನು ನೌಕರನಿಂದ ಮತ್ತೆ ವಸೂಲಿ ಮಾಡಬಾರದು ಎಂದು 1961ರ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ. ಇಲಾಖೆಯ ಕಂಪ್ಯೂಟರ್ ಮಾತ್ರ 26ಎಎಸ್‌ನಲ್ಲಿ, ಅಂದರೆ ನೌಕರನ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಕಂಡದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ.

ಆ ಹೊತ್ತಿಗೆ ಟಿಡಿಎಸ್ ಲೆಕ್ಕ ನೋಡುವ, ತಿದ್ದುವ ಇಲಾಖೆಯ ಜಾಲತಾಣ ಟ್ರೇಸಸ್ ಬಂದಿತ್ತು. ತಮಾಷೆ ನೋಡಿ: ಪೀಣ್ಯದ ನೌಕರನಿಗೆ ನೋಟಿಸು ಬರುವುದು ಬೆಂಗಳೂರಿನದೇ ಎಲೆಕ್ಟ್ರಾನಿಕ್ ಸಿಟಿಯ ಆದಾಯ ತೆರಿಗೆ ಕೇಂದ್ರದಿಂದ, ಅದರ ಮೂಲ ತಿದ್ದಬೇಕಾದ್ದು ಗಾಜಿಯಾಬಾದಿನ ಟಿಡಿಎಸ್ ಕೇಂದ್ರದಲ್ಲಿ. ಹಳೆಯ ರಿಟರ್ನಿನ ಟೋಕನ್ ಸಂಖ್ಯೆ, ಚಲನ್ ವಿವರ, ಅದೇ ಚಲನ್‌ನಲ್ಲಿರುವ ಕೆಲವರ ಪ್ಯಾನ್ ಮತ್ತು ಮೊತ್ತ ಕೊಟ್ಟರೆ ಆ ರಿಟರ್ನಿನ ಪೂರ್ತಿ ವಿವರವಿರುವ ‘ಕಾನ್ಸೋ ಫೈಲ್’ ಸಿಗುತ್ತದೆ. ಅದರಲ್ಲಿ ಒಂದು ಸಾಲು ತಿದ್ದಿ, ಮತ್ತೆ ಎಫ್‌ವಿಯು ದಾಟಿಸಿ ಸಲ್ಲಿಸಬೇಕು. ಅದೂ, ಸರಿಯಾಗಿಯೇ ಇರುವ ಇನ್ನೊಬ್ಬರ ಪ್ಯಾನ್ ಬಿದ್ದಿದ್ದರೆ ಎರಡು ಅಕ್ಷರ, ಎರಡು ಅಂಕಿಗಿಂತ ಹೆಚ್ಚು ಬದಲಿಸಲು ಬಿಡುವುದಿಲ್ಲ. ಫೋರ್‌ಮನ್ನರದು ಒಂದೇ ಅಂಕಿಯಾದ್ದರಿಂದ ಬಚಾವಾದರು.

ಪತ್ರದ ಕಾಲಕ್ಕಿಂತ ಇದು ಮೇಲು ಎಂದೇ ನನ್ನ ಅಭಿಪ್ರಾಯ. ತಿದ್ದಿದ್ದು ತಿದ್ದಿದ ಜಾಗದಲ್ಲೇ ಕಾಣುತ್ತದೆ. ನನಗೆ ಒಪ್ಪಿಗೆಯಾಗದ್ದು ಗಡುವು. ಮೊದಲು ಎಷ್ಟು ಹಳೆಯ ವರ್ಷದ್ದನ್ನೂ ತಿದ್ದಬಹುದಿತ್ತು. 2025ರ ಏಪ್ರಿಲ್‌ನಿಂದ ಆರು ವರ್ಷದ ಮಿತಿ ಬಂತು, ಹೊಸ ಆದಾಯ ತೆರಿಗೆ ಕಾಯ್ದೆ ಅದನ್ನು ಎರಡೇ ವರ್ಷಕ್ಕೆ ಇಳಿಸಿದೆ. ಗಡುವು ಕಂಪನಿಗೆ, ಪೆಟ್ಟು ನೌಕರನಿಗೆ. ಆ ರಿಟರ್ನನ್ನು ಅವನು ತಾನೇ ತಿದ್ದುವಂತಿಲ್ಲ.

ಆದ್ದರಿಂದ ಜೂನ್‌ನಲ್ಲಿ ಫಾರಂ 16 ಕೈಗೆ ಬಂದ ಕೂಡಲೇ 26ಎಎಸ್ ತೆಗೆದು, ಸಂಬಳ ಚೀಟಿಗಳ ಜೊತೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಅಕೌಂಟ್ಸಿನವರಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಬರೆದು ಕೊಡಿ.