ಎಂಟು ಮತ್ತು ಐದರ ನಡುವೆ

ಇಲ್ಲಿ ಏನಾದರೂ ಬರೆದು ಎರಡು ತಿಂಗಳ ಮೇಲಾಯ್ತು. "ಏನ್ ಮಾರಾಯ, ಬರೆಯೋದೇ ಬಿಟ್ಟೆಯಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ರು. ಬಿಟ್ಟಿಲ್ಲ. ಗೋಡೆ ಕಟ್ಟೋಕೆ ಹೋಗಿದ್ದೆ! ಇಟ್ಟಿಗೆ ಗೋಡೆ ಅಲ್ಲ, ವಿಡಿಯೋ ಗೋಡೆ. ನಾಲ್ಕು ದೊಡ್ಡ ಪರದೆಗಳನ್ನು ಎರಡರ ಮೇಲೆ ಎರಡು ಜೋಡಿಸಿ, ಒಂದೇ ಚಿತ್ರ ಕಾಣೋ ಹಾಗೆ ಮಾಡ್ತಾರಲ್ಲ, ಅದು.

ನಿಜ ಹೇಳಬೇಕೆಂದರೆ ಅದು ನನ್ನ ಕೆಲಸವೇ ಅಲ್ಲ. ನಾನು ಕೂತು ಕೋಡ್ ಕುಟ್ಟುವವನು. ಕುಡಿಯುವ ನೀರಿನ ಟ್ಯಾಂಕುಗಳ ಮಟ್ಟ, ಪಂಪುಗಳ ಸ್ಥಿತಿ ತೋರಿಸುವ ಒಂದು ಸಾಫ್ಟ್‌ವೇರ್ ಬರೆದಿದ್ದೆ. ಅದು ಉತ್ತರ ಕರ್ನಾಟಕದ ಒಂದು ಊರಿನ ನೀರು ಸರಬರಾಜು ಕಂಟ್ರೋಲ್ ರೂಮಿಗೆ ಹೋಗಬೇಕಿತ್ತು. ಗೋಡೆ ಜೋಡಿಸಬೇಕಾಗಿದ್ದ ಗೆಳೆಯನ ಹೆಂಡತಿಗೆ ಅದೇ ವಾರ ಹೆರಿಗೆ. ಬಾಸು ನನ್ನ ಕಡೆ ನೋಡಿದ್ರು. "ನೀನೇ ಹೋಗಿ ಬಾ. ವೈರ್ ಚುಚ್ಚೋದು ತಾನೇ!"

ಚುಚ್ಚೋದು ತಾನೇ.. ಹೌದು.

*

ಒಂದು ಕಂಪ್ಯೂಟರಿನ ಚಿತ್ರವನ್ನು ನಾಲ್ಕು ಪರದೆಗೆ ಹಂಚಿಕೊಡಲು ನಡುವೆ ಒಂದು ಡಬ್ಬಿ ಬೇಕು, ಇಮೇಜ್ ಸ್ಪ್ಲಿಟರ್ ಅಂತ. ಇದೇನೂ ಹೊಸದಲ್ಲ. ಕೆನಡಾದ ಮ್ಯಾಟ್ರಾಕ್ಸ್ ಕಂಪನಿ 2006ರಲ್ಲೇ ಟ್ರಿಪಲ್‌ಹೆಡ್‌ಟುಗೋ ಅನ್ನೋ ಪುಟ್ಟ ಡಬ್ಬಿ ತಂದಿತ್ತು, ನಾನಾಗ ಮೂರನೇ ಕ್ಲಾಸು. 1280×1024ರ ಮೂರು ಮಾನಿಟರ್‌ಗಳನ್ನು ಅದು ಕಂಪ್ಯೂಟರಿಗೆ 3840×1024ರ ಒಂದೇ ಉದ್ದದ ಮಾನಿಟರ್ ಅಂತ ನಂಬಿಸುತ್ತಿತ್ತು. ಸ್ಪ್ಲಿಟರ್ ಅಂದರೆ ಇಷ್ಟೇ, ಕಂಪ್ಯೂಟರಿಗೆ ಹೇಳುವ ಒಂದು ಒಳ್ಳೇ ಸುಳ್ಳು. ನಮ್ಮ ಡಬ್ಬಿ ಹೇಳಬೇಕಿದ್ದ ಸುಳ್ಳು, "ನಾನು 3840×2160ರ ಒಂದು ಪರದೆ" ಅಂತ. ಕಂಪ್ಯೂಟರ್ ಅಷ್ಟು ದೊಡ್ಡ ಚಿತ್ರ ಕಳಿಸುತ್ತದೆ, ಡಬ್ಬಿ ಅದನ್ನು ನಾಲ್ಕು ತುಂಡು ಮಾಡಿ 1920×1080ರ ನಾಲ್ಕು ಪರದೆಗೆ ಬಡಿಸುತ್ತದೆ. ಲೆಕ್ಕ ಸರಿಯಾಗಿ ಕೂರುತ್ತೆ.

ಆದರೆ ಮೊದಲ ದಿನ ಕಂಪ್ಯೂಟರ್ ಆ ಸುಳ್ಳನ್ನು ನಂಬಲೇ ಇಲ್ಲ. 1024×768 ಅಂತ ಹಠ ಹಿಡಿದು ಕೂತಿತು. ಪ್ರತಿ ಮಾನಿಟರಿನ ಒಳಗೂ 128 ಬೈಟ್‌ಗಳ ಒಂದು ಜಾತಕ ಇರುತ್ತೆ, ಇಡಿಐಡಿ ಅಂತ ಅದರ ಹೆಸರು. ತಯಾರಿಸಿದವರು ಯಾರು, ಎಷ್ಟು ರೆಸಲ್ಯೂಶನ್, ಎಷ್ಟು ಹರ್ಟ್ಸ್ ಎಲ್ಲಾ ಅದರಲ್ಲಿ. ಕೇಬಲ್ ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ಆ ಜಾತಕ ತರಿಸಿ ನೋಡುತ್ತೆ. ಕೊನೆಯ ಬೈಟು ತಾಳೆ ನೋಡುವುದಕ್ಕೆ. 128 ಬೈಟೂ ಕೂಡಿಸಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. (ನಮ್ಮಮ್ಮ ನನ್ನ ಜಾತಕ ಹಿಡಿದು ಓಡಾಡ್ತಿರೋದು ನಿಮಗೆ ಗೊತ್ತೇ ಇದೆ. ಅಲ್ಲೂ ಇಂಥದ್ದೊಂದು ಕೊನೆಯ ಬೈಟ್ ಇದ್ದಿದ್ರೆ!) ನಾನು ಕಂಪ್ಯೂಟರ್ ಮೊದಲು ಆನ್ ಮಾಡಿ ಆಮೇಲೆ ಡಬ್ಬಿ ಆನ್ ಮಾಡ್ತಿದ್ದೆ. ಹುಡುಗಿ ಮನೆಯವರು ಜಾತಕ ಕೇಳಿದಾಗ ಹುಡುಗನ ಮನೆಯಲ್ಲಿ ಯಾರೂ ಇಲ್ಲದ ಹಾಗೆ. ಮೊದಲು ಪರದೆಗಳು, ಆಮೇಲೆ ಡಬ್ಬಿ, ಕೊನೆಗೆ ಕಂಪ್ಯೂಟರ್. ಈ ಕ್ರಮ ಗೊತ್ತಾಗೋಕೆ ಅರ್ಧ ದಿನ ಹೋಯ್ತು.

ಆಮೇಲೆ ಮೌಸ್ ಎಳೆದರೆ ತಡವರಿಸಿ ತಡವರಿಸಿ ಬರ್ತಿತ್ತು. ನೋಡಿದ್ರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗ್ತಿದೆ. ಆ ಕಂಪ್ಯೂಟರಿನದು ಎಚ್‌ಡಿಎಂಐ 1.4, ಅದರ ಯೋಗ್ಯತೆ 340 ಮೆಗಾಹರ್ಟ್ಸ್. 3840×2160ನ್ನು 60 ಹರ್ಟ್ಸಿನಲ್ಲಿ ಕಳಿಸೋಕೆ 594 ಬೇಕು. ಪಕ್ಕದಲ್ಲೇ ಡಿಸ್‌ಪ್ಲೇಪೋರ್ಟ್ ಕಿಂಡಿ ಇತ್ತು, ಕೇಬಲ್ ಮಾತ್ರ ಇಡೀ ಊರಲ್ಲಿ ಇರಲಿಲ್ಲ. ಹುಬ್ಬಳ್ಳಿಯಿಂದ ಬಸ್ಸಲ್ಲಿ ಪಾರ್ಸೆಲ್ ಹಾಕಿಸಿಕೊಂಡೆ.

ಇನ್ನು ಪರದೆಗಳ ಹಿಂದೆ ವೈರು ಅದಲುಬದಲಾಗಿ, ಮೇಲಿನ ಎಡಗಡೆ ಇರಬೇಕಾದ ಚಿತ್ರ ಕೆಳಗಿನ ಬಲಗಡೆ ಬಂದು ಕೂತ ಕಥೆ ಬೇಡ ಬಿಡಿ. ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಚೀಟಿ ಅಂಟಿಸಿ ಅನ್ನೋದಷ್ಟೇ ನನ್ನ ಉಪದೇಶ.

*

ಎರಡನೇ ದಿನದ ಹೊತ್ತಿಗೆ ಒಂದೇ ತಲೆನೋವು ಉಳಿದಿತ್ತು. ಪರದೆ ಪರದೆಯ ನಡುವಿನ ಕಪ್ಪು ಗೆರೆ.

ನಮ್ಮದು 55 ಇಂಚಿನ ಪರದೆಗಳು. ಒಂದೊಂದು ಪಿಕ್ಸೆಲ್ ಸುಮಾರು 0.63 ಮಿ.ಮೀ. ಅಗಲ. ಪಕ್ಕಪಕ್ಕದ ಎರಡು ಪರದೆಗಳ ಅಂಚು ಸೇರಿ 3.5 ಮಿ.ಮೀ. ಅಂದರೆ ಆ ಕಪ್ಪು ಗೆರೆಯ ಅಗಲ ಐದೂವರೆ ಪಿಕ್ಸೆಲ್. ಚಿತ್ರವನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ ಎರಡು ಪರದೆಗೆ ಕೊಟ್ಟರೆ, ಫೋಟೋ ಹರಿದು ನಡುವೆ ಜಾಗ ಬಿಟ್ಟು ಅಂಟಿಸಿದ ಹಾಗೆ ಕಾಣುತ್ತೆ. ಓರೆ ಗೆರೆ ಎಳೆದರೆ ಗಡಿಯಲ್ಲಿ ಮುರಿಯುತ್ತೆ.

ಇದಕ್ಕೆ ಡಬ್ಬಿಯಲ್ಲಿ ಉಪಾಯ ಇದೆ, ಬೆಜೆಲ್ ಕಾಂಪನ್ಸೇಶನ್ ಅಂತ. ನಮ್ಮ ಸಾಗರದ ಕಡೆ ಹಳೇ ಮನೆಗಳ ಕಿಟಕಿ ನೋಡಿದೀರಲ್ಲ, ದಪ್ಪ ಮರದ ಸರಳಿನವು? ಅಜ್ಜನ ಮನೆ ಜಗಲಿಯಲ್ಲಿ ಕೂತು ಅಂಥ ಕಿಟಕಿಯಿಂದ ನೋಡಿದರೆ ಅಡಿಕೆ ಮರ ಸರಳಿನ ಹಿಂದೆ ಹಾದುಹೋಗುತ್ತೆ, ಆದರೆ ಮುರಿಯಲ್ಲ. ಸರಳಿನ ಹಿಂದೆಯೂ ತೋಟ ಇದೆ ಅಂತ ಕಣ್ಣಿಗೆ ಗೊತ್ತು. ಇಲ್ಲೂ ಹಾಗೇ. ಗೆರೆಯ ಹಿಂದೆಯೂ ಚಿತ್ರ ಇದೆ ಅಂದುಕೊಂಡು ನಡುವಿನ 6 ಪಿಕ್ಸೆಲ್ ಬಿಟ್ಟುಬಿಡೋದು. 1917, 6, 1917. ಒಟ್ಟು 3840. ಆ 1917ನ್ನು ಸ್ವಲ್ಪ ಹಿಗ್ಗಿಸಿ 1920 ಮಾಡೋದು. ಮೇಲೆ ಕೆಳಗೂ ಹಾಗೇ, 1077, 6, 1077. ಪರೀಕ್ಷೆಗೆ ಒಂದು ದೊಡ್ಡ ವೃತ್ತ ಹಾಕಿ ನೋಡಿದೆ. ಗುಂಡಗೆ, ಬಳೆ ಥರ ಬಂತು! ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ.

ಸಂಜೆ ಸಾಹೇಬರುಗಳೆಲ್ಲ ಬಂದರು. ಮಳೆಗಾಲದ ಜೋಗದ ವಿಡಿಯೋ ಹಾಕಿದೆ. ರಾಜಾ ರಭಸವಾಗಿ ಮೇಲಿನ ಪರದೆಯಿಂದ ಕೆಳಗಿನ ಪರದೆಗೆ ಎಲ್ಲೂ ಮುರಿಯದೆ ಧುಮುಕಿತು. ಆಮೇಲೆ ನನ್ನ ಸಾಫ್ಟ್‌ವೇರ್. ಎಲ್ಲಾ ಟ್ಯಾಂಕುಗಳೂ ಅರ್ಧದ ಆಸುಪಾಸು. ಚೆನ್ನಾಗಿದೆ ಅಂದ್ರು, ಕೆಲಸ ಮುಗಿದ ಪತ್ರಕ್ಕೆ ಸಹಿ ಹಾಕಿದ್ರು, ಮಿರ್ಚಿ ಚಹಾ ಆಯ್ತು. ಮಟ್ಟ ಇಳಿದರೆ ಕೆಂಪಾಗುವ ಅಲಾರಂ ಮಾತ್ರ ಬಾಕಿ ಇತ್ತು, ಎಷ್ಟಕ್ಕೆ ಕೆಂಪಾಗಬೇಕು ಅನ್ನೋ ಪಟ್ಟಿ ಆಫೀಸಿನಿಂದ ಇನ್ನೂ ಬಂದಿರಲಿಲ್ಲ.

ಒಂಬತ್ತು ಗಂಟೆಗೆ ಮನೆಗೆ ತೋರಿಸೋಕೆ ಅಂತ ಗೋಡೆಯ ಒಂದು ಫೋಟೋ ಹೊಡೆದು ಬ್ಯಾಗ್ ಹೆಗಲಿಗೆ ಹಾಕಿದೆ. ರಾತ್ರಿ ಪಾಳಿಯ ಕಾಕಾ ಕುರ್ಚಿಯಲ್ಲಿ ಮುಂದೆ ಬಗ್ಗಿ ಪರದೆಯನ್ನೇ ನೋಡ್ತಿದ್ರು. ನಿವೃತ್ತಿಗೆ ಹತ್ತಿರದ ವಯಸ್ಸು.

"ಸಾಹೇಬ್ರ, ಮೂರನೇ ಟಾಕಿ ಎಂಬತ್ತೈದು ತೋರ್ಸಾಕತ್ತೈತ್ರಿ. ಸಂಜೀ ಮುಂದ ನೀರು ಬಿಟ್ಟೀವಿ. ಹ್ಯಾಂಗ ತುಂಬ್ತು?"

ನನಗೆ ಹತ್ತು ಗಂಟೆಯ ಸಾಗರದ ಬಸ್ಸಿನ ಚಿಂತೆ. ಮರುದಿನ ಅಕ್ಕನ ಮಗಳ ನಾಮಕರಣ, ಸೋದರಮಾವ ನಾನೊಬ್ಬನೇ. "ಸೆನ್ಸರ್ ಹೇಳಿದ್ದನ್ನ ತೋರಿಸುತ್ತೆ ಕಾಕಾ. ಕಂಪ್ಯೂಟರ್ ಸುಳ್ಳು ಹೇಳಲ್ಲ" ಅಂದೆ.

ಎರಡು ದಿನದಿಂದ ಕಂಪ್ಯೂಟರಿಗೆ ಸುಳ್ಳು ಹೇಳೋದನ್ನೇ ಕಲಿಸ್ತಿದ್ದವನು ಆಡಿದ ಮಾತು ನೋಡಿ!

*

ಹನ್ನೊಂದೂವರೆಗೆ ಬಸ್ಸು ಊಟಕ್ಕೆ ನಿಂತಿತು. ಒಂದು ಪ್ಲೇಟ್ ಇಡ್ಲಿ ಮುಂದಿಟ್ಟುಕೊಂಡು ಅಮ್ಮನಿಗೆ ಕಳಿಸೋಣ ಅಂತ ಫೋಟೋ ತೆಗೆದೆ. ಹಿಗ್ಗಿಸಿ ನೋಡಿದೆ. ಮೂರನೇ ಟ್ಯಾಂಕು. ಎಂಟು. ಕಪ್ಪು ಗೆರೆ. ಐದು.

ಇಡ್ಲಿ ಗಂಟಲಲ್ಲೇ ನಿಂತಿತು.

ಆ ಶೇಕಡಾ ಕಾಲಂ ಸರಿಯಾಗಿ ಪರದೆಯ ನಟ್ಟನಡುವೆ ಇತ್ತು. ಅಂಕಿಗಳನ್ನು ಕಾಲಮ್ಮಿನ ಮಧ್ಯಕ್ಕೆ ಕೂರಿಸಿದವನೂ ನಾನೇ, ಚಂದ ಕಾಣಲಿ ಅಂತ. 52.4 ಅಂತ ಇದ್ದರೆ ನಟ್ಟನಡುವೆ ಬರೋದು 2. ಅದರ ಹೊಟ್ಟೆಯಿಂದ ಆರು ಪಿಕ್ಸೆಲ್ ಹೋದರೂ ಓದೋಕೆ ಬರುತ್ತೆ. ಆದರೆ ಮಟ್ಟ ಹತ್ತಕ್ಕಿಂತ ಕೆಳಗಿಳಿದರೆ? 8.5. ಆಗ ನಟ್ಟನಡುವೆ ಬರೋದು ದಶಮಾಂಶದ ಚುಕ್ಕಿ. ನನ್ನ ಅಕ್ಷರಗಾತ್ರದಲ್ಲಿ ಆ ಚುಕ್ಕಿಯ ಅಗಲ 5 ಪಿಕ್ಸೆಲ್. ನಾನು ಬಿಟ್ಟದ್ದು 6.

ಟ್ಯಾಂಕು ತುಂಬಿದ್ದಾಗ ಎಲ್ಲಾ ಸರಿ. ಖಾಲಿಯಾಗುತ್ತಾ ಬಂದಾಗ ಮಾತ್ರ ತುಂಬಿದ ಹಾಗೆ ಕಾಣುತ್ತೆ!

ಆ ಟ್ಯಾಂಕಿನಿಂದ ಬೆಳಗಿನ ಐದೂವರೆಗೆ ಎಂಟು ದಿನಕ್ಕೊಮ್ಮೆ ನೀರು ಕಾಣುವ ವಾರ್ಡುಗಳಿಗೆ ಪಾಳಿ. ರಾತ್ರಿಯೇ ಪಂಪ್ ಹಾಕದಿದ್ದರೆ ಕೊಡ ಹಿಡಿದು ಕಾದವರಿಗೆ ಬರೀ ಗಾಳಿ. ಜೂನಿಯರ್ ಇಂಜಿನಿಯರ್ ಫೋನ್ ಸ್ವಿಚ್ ಆಫ್. ಕಾಕಾ ನಂಬರ್ ನಾನು ಕೇಳಿಯೇ ಇರಲಿಲ್ಲ. ಎರಡು ದಿನ ಒಟ್ಟಿಗೆ ಚಹಾ ಕುಡಿದರೂ ಹೆಸರೂ ಸರಿಯಾಗಿ ಕೇಳಿರಲಿಲ್ಲ ಅಂತ ಆಗಲೇ ಹೊಳೆದಿದ್ದು.

ಸುಳ್ಳು ಯಾಕೆ, ಐದು ನಿಮಿಷ ಸುಮ್ಮನೆ ಕೂತಿದ್ದೆ. ಕಂಡಕ್ಟರ್ ಸೀಟಿ ಊದಿದರು. ಅಕ್ಕನ ಮುಖ ನೆನಪಾಯ್ತು. ಕಾಕಾ "ಹ್ಯಾಂಗ ತುಂಬ್ತು?" ಅಂದದ್ದೂ ನೆನಪಾಯ್ತು. ಬ್ಯಾಗ್ ಇಳಿಸಿಕೊಂಡೆ.

*

ವಾಪಸ್ ಹೋಗುವ ಬಸ್ಸು ಸಿಕ್ಕಿ, ಸ್ಟ್ಯಾಂಡಿನಿಂದ ಎರಡು ಕಿಲೋಮೀಟರ್ ನಡೆದು, ಕಂಟ್ರೋಲ್ ರೂಮ್ ತಲುಪಿದಾಗ ಎರಡು ಕಾಲು. ಗೋಡೆಯ ಮೇಲೆ ಮೂರನೇ ಟ್ಯಾಂಕು 41.2. ಪಂಪ್ ಓಡ್ತಾ ಇದೆ.

"ನಾ ನಂಬ್ಲಿಲ್ರೀ" ಅಂದ್ರು ಕಾಕಾ. "ಗಾಡಿ ತಗೊಂಡ್ ಹೋಗಿ ಮುಳ್ಳು ನೋಡಿ ಬಂದೆ."

ಹಳೇ ಟ್ಯಾಂಕುಗಳ ಹೊರಗೋಡೆಯ ಮೇಲೆ ಒಂದು ಅಳತೆಪಟ್ಟಿ ಇರುತ್ತೆ. ಒಳಗೆ ನೀರಿನ ಮೇಲೆ ತೇಲುವ ಗುಂಡು, ಅದಕ್ಕೆ ಕಟ್ಟಿದ ಹಗ್ಗ ರಾಟೆಯ ಮೇಲಿಂದ ಹೊರಗೆ ಬಂದು ಮುಳ್ಳನ್ನು ಎಳೆಯುತ್ತೆ. ನೀರು ಇಳಿದರೆ ಮುಳ್ಳು ಏರುತ್ತೆ. ಕಾಕಾ ಟಾರ್ಚ್ ಬಿಟ್ಟು ನೋಡಿದ್ದಾರೆ, ಮುಳ್ಳು ಮೇಲೆ ಹೋಗಿ ನಿಂತಿದೆ. ಬಂದು ಪಂಪ್ ಹಾಕಿದ್ದಾರೆ. ಅಷ್ಟೇ.

ನನಗೆ ಸಮಾಧಾನವೂ ಆಯ್ತು, ನಾಚಿಕೆಯೂ ಆಯ್ತು. ಕಾಂಪನ್ಸೇಶನ್ ಸೊನ್ನೆ ಮಾಡಿದೆ. ಒಂದು ಪಿಕ್ಸೆಲ್ಲೂ ಮರೆಯಾಗಬಾರದು, ಅಕ್ಷರವೂ ಹಿಗ್ಗದೆ ಚೊಕ್ಕವಾಗಿ ಬರುತ್ತೆ. ಜೋಗಕ್ಕೆ ಕಿಟಕಿಯ ನ್ಯಾಯ ಸರಿ, ಅಂಕಿಗೆ ಅಲ್ಲ. ಆಮೇಲೆ ಅಲ್ಲೇ ಕೂತು ಪಟ್ಟಿಯನ್ನೇ ಬದಲಾಯಿಸಿದೆ. ಯಾವ ಅಂಕಿಯೂ ಎರಡು ಪರದೆಯ ಗಡಿ ದಾಟದ ಹಾಗೆ, ಚುಕ್ಕಿಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಬರೋ ಹಾಗೆ. ಬೇಕಂತಲೇ 0.0ಯಿಂದ 100.0ರವರೆಗೆ ಒಂದೊಂದೇ ಅಂಕಿ ಓಡಿಸಿದೆ. ಕಾಕಾ ದೂರದ ಕುರ್ಚಿಯಿಂದ ಗಟ್ಟಿಯಾಗಿ ಓದ್ತಾ ಹೋದ್ರು. ಬೆಳಿಗ್ಗೆ ಐದೂವರೆಗೆ ವಾಲ್ವ್ ತಿರುಗಿಸೋಕೆ ಅವರ ಜೊತೆ ನಾನೂ ಹೋದೆ. ನಲ್ಲಿಯಲ್ಲಿ ಮೊದಲು ಗಾಳಿ ಬಂತು. ಎದೆ ಧಸಕ್ಕೆಂದಿತು. ಆಮೇಲೆ ನೀರು ಬಂತು.

ಹತ್ತು ಗಂಟೆಗೆ ಸಾಹೇಬರಿಗೆ ನಡೆದದ್ದೆಲ್ಲ ಹೇಳಿ, ಬರೆದೂ ಕೊಟ್ಟೆ. ಚೆನ್ನಾಗಿ ಬೈಸಿಕೊಂಡೆ. ಸಹಿ ಹಾಕಿದ ಪತ್ರ ವಾಪಸ್ ತಗೊಂಡ್ರು, ಅಲಾರಂ ಆಗೋವರೆಗೆ ಕೊಡಲ್ಲ ಅಂದ್ರು. ಫೋನಿನಲ್ಲಿ ಬಾಸು, "ಸುಮ್ನೆ ಸರಿ ಮಾಡಿ ಬರೋದಲ್ವಾ? ಹೇಳೋಕೆ ಯಾಕೆ ಹೋದೆ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಕಾಕಾಗೆ ನಾನು ಹೇಳಿದ್ದು ತಪ್ಪು ಅಂತ ಎಲ್ಲಾದ್ರೂ ಒಂದು ಕಡೆ ಬರೆದಿರಬೇಕು ಅನ್ನಿಸಿತ್ತು, ಅಷ್ಟೇ.

ನಾಮಕರಣ ತಪ್ಪಿತು. ಅಕ್ಕ ಒಂದು ವಾರ ಮಾತಾಡಲಿಲ್ಲ.

ಈಗ ನನ್ನ ಫೋನಿನಲ್ಲಿ ಕಾಕಾ ನಂಬರ್ ಇದೆ, ಹೆಸರಿನ ಜೊತೆ. ಮೊನ್ನೆ ಅಲಾರಂ ಹಾಕೋಕೆ ಹೋದಾಗ ಎಷ್ಟಕ್ಕೆ ಕೆಂಪಾಗಬೇಕು ಅಂತ ಮೊದಲು ಅವರನ್ನೇ ಕೇಳಿದೆ. "ಇಪ್ಪತ್ತಕ್ಕ ಹಾಕ್ರಿ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಮುಳ್ಳು ಮಾತ್ರ ತೆಗಸಬ್ಯಾಡ್ರಿ" ಅಂತಲೂ ಅಂದ್ರು.

ತೆಗೆಸಿಲ್ಲ.

ನಿಮ್ಮ ಕೆಲಸದಲ್ಲೂ ಹೀಗೆ ಚಂದ ಮಾಡೋಕೆ ಹೋಗಿ ಮುಚ್ಚಿಟ್ಟ ಚುಕ್ಕಿ ಯಾವುದಾದ್ರೂ ಇದೆಯಾ? ಇದ್ದರೆ ಬರೀರಿ, ಓದ್ತೀನಿ.