ಯಾರೂ ಎತ್ತಿಕೊಳ್ಳದ ಪ್ರವಾಸ

"ಏನೂ ಯೋಚನೆ ಮಾಡ್ಬೇಡಿ ಸಾರ್. ನಮ್ಮ ಹುಡುಗರು ಇರ್ತಾರೆ, ಎತ್ಕೊಂಡು ಹೋಗ್ತಾರೆ."

ಟ್ರಾವೆಲ್ಸ್‌ನವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದು. ಆದರೂ ನಾನು "ನೋಡೋಣ" ಎಂದು ಫೋನ್ ಇಟ್ಟುಬಿಟ್ಟೆ. ಒಂದೂವರೆ ವರ್ಷದವನಿದ್ದಾಗ ಪೋಲಿಯೊ ಆದಮೇಲೆ ಜನ ನನ್ನನ್ನು ಎತ್ತಿಕೊಳ್ಳುತ್ತಲೇ ಬಂದಿದ್ದಾರೆ. ಶಾಲೆಗೆ ಅಪ್ಪ, ಬಸ್ಸಿಗೆ ಕಂಡಕ್ಟರ್, ಮದುವೆ ಛತ್ರದ ಮೆಟ್ಟಿಲಿಗೆ ಗೆಳೆಯರು. ಎಲ್ಲರೂ ಪುಣ್ಯಾತ್ಮರೇ. ಆದರೆ ಎತ್ತಿಕೊಂಡವರ ಏದುಸಿರು ನನ್ನ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಆಮೇಲೆ ಆ ಊರಿನ ದೇವಸ್ಥಾನ, ಊಟ ಎಲ್ಲವೂ ಮರೆತುಹೋಗಿ, ಅದೊಂದೇ ನೆನಪಿನಲ್ಲಿ ಉಳಿಯುತ್ತದೆ.

ಹಾಗೆ ಯಾರೂ ಎತ್ತದೆ ನಾನು ಮೊದಲ ಸಲ ಹತ್ತಿದ ವಾಹನ ನಮ್ಮ ಶರಾವತಿ ಹಿನ್ನೀರಿನ ಲಾಂಚ್. ಆಗ ಸಿಗಂದೂರಿಗೆ ಹೋಗಲು ಹೊಳೆಬಾಗಿಲಿನಲ್ಲಿ ಅದನ್ನೇ ಹತ್ತಬೇಕಿತ್ತು. ಕಾರು, ಜೀಪುಗಳು ಹಲಗೆಯ ಮೇಲೆ ಉರುಳಿಕೊಂಡು ಹೋದಂತೆ ನನ್ನ ಮೂರು ಗಾಲಿಯ ಕೈಸೈಕಲ್ಲೂ ಸಲೀಸಾಗಿ ಹೋಯಿತು. 2025ರಲ್ಲಿ ಅಲ್ಲಿ ಸೇತುವೆಯಾಯಿತು. ಹಡಗಿನ ಆಸೆ ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು.

ಆರನೇ ತರಗತಿಯ ಮಗಳು, "ಅಪ್ಪ, ಸಿಂಗಪುರದಿಂದ ದೊಡ್ಡ ಹಡಗು ಹೊರಡುತ್ತಂತೆ" ಎಂದಾಗ ಆ ಆಸೆ ಮತ್ತೆ ಎದ್ದಿತು. ಭಾರತ ಪೋಲಿಯೊ ಮುಕ್ತ ಎಂದು 2014ರಲ್ಲಿ ಪ್ರಮಾಣಪತ್ರ ಸಿಕ್ಕಾಗ ಅವಳಿನ್ನೂ ಕೈಗೂಸು. ನನ್ನ ಕಾಯಿಲೆ ಅವಳ ಪಾಲಿಗೆ ಪಾಠದ ಪುಸ್ತಕದ ಒಂದು ಹೆಸರು ಮಾತ್ರ.

ಯೋಜನೆಯ ಮೊದಲ ಸಲಕರಣೆ ಅಳತೆಯ ಟೇಪು. ನನ್ನ ಗಾಲಿಕುರ್ಚಿಯ ಅಗಲ 64 ಸೆಂಟಿಮೀಟರ್. "ನಿಮ್ಮಂಥವರಿಗೆ ಎಲ್ಲ ಅನುಕೂಲ ಇದೆ" ಎಂಬ ಉತ್ತರ ಬಂದಾಗಲೆಲ್ಲ ನಾನು ಕೇಳುತ್ತಿದ್ದುದು ಒಂದೇ: "ಬಾಗಿಲು ಎಷ್ಟು ಸೆಂಟಿಮೀಟರ್?" ಒಂದು ಸಾಮಾನ್ಯ ಕೋಣೆಯ ಬಚ್ಚಲಿನ ಬಾಗಿಲು 56 ಎಂದು ತಿಳಿಯಿತು. ಮಗಳು ಹಾಲಿನಲ್ಲಿ ಸೀಮೆಸುಣ್ಣದಿಂದ ಅಷ್ಟಗಲ ಗೆರೆ ಎಳೆದಳು. ಕುರ್ಚಿ ಅದರೊಳಗೆ ಹಿಡಿಸಲಿಲ್ಲ. ಹಡಗಿನ ಬಚ್ಚಲಿಗೆ ಎತ್ತರದ ಹೊಸ್ತಿಲೂ ಇರುತ್ತದೆ. ನಮಗೆ ಬೇಕಾದ್ದು ಹೊಸ್ತಿಲಿಲ್ಲದ, ಕುರ್ಚಿ ತಿರುಗಿಸಲು ಜಾಗವಿರುವ ವಿಶೇಷ ಕೋಣೆ. ಅಂಥವು ಒಂದು ಹಡಗಿನಲ್ಲಿ ಕೆಲವೇ ಇರುವುದರಿಂದ ಹತ್ತು ತಿಂಗಳು ಮೊದಲೇ ಕಾದಿರಿಸಿದೆವು. ವಿಮಾನದವರಿಗೂ ಮೊದಲೇ ತಿಳಿಸಿದೆವು. ಬೆಂಕಿಯಂಥ ಆಪತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ, ನನ್ನನ್ನು ಇಳಿಸುವ ವ್ಯವಸ್ಥೆ ಏನೆಂದೂ ಬರೆದು ಕೇಳಿದೆ. ಅದಕ್ಕಾಗಿಯೇ ಬೇರೆ ಕುರ್ಚಿ, ತರಬೇತಾದ ಸಿಬ್ಬಂದಿ ಇದ್ದಾರೆಂದು ಉತ್ತರ ಬಂತು.

ಕೊನೆಗೆ ಒಂದು ಗಂಟು ಉಳಿಯಿತು. ಪೆನಾಂಗಿನಲ್ಲಿ ಹಡಗು ಊರಿನ ಪಕ್ಕದ ಧಕ್ಕೆಗೇ ಬಂದು ನಿಲ್ಲುತ್ತದೆ. ಫುಕೆಟ್‌ನಲ್ಲಿ ನಮ್ಮ ಹಡಗು ಸಮುದ್ರದ ನಡುವೆಯೇ ಲಂಗರು ಹಾಕುತ್ತಿತ್ತು. ಅಲ್ಲಿಂದ ದಡಕ್ಕೆ ಸಣ್ಣ ದೋಣಿ. ಅಲೆಗೆ ಏರಿಳಿಯುವ ದೋಣಿಗೆ ಗಾಲಿಕುರ್ಚಿ ದಾಟಿಸುವುದು ಅಪಾಯ, ಆ ದಿನದ ಕಡಲು ನೋಡಿ ಬೇಡವೆಂದೂ ಹೇಳಬಹುದು ಎಂದರು. ಇಲ್ಲವಾದರೆ ಎತ್ತಿಕೊಳ್ಳಬೇಕು!

"ನೀವು ಬರದ ಕಡೆ ನಮಗೇನು ಕೆಲಸ ರೀ?" ಎಂದಳು ನನ್ನವಳು.

"ನೀವಿಬ್ಬರೂ ಹೋಗಿ ಬನ್ನಿ. ನಾನು ಹಡಗಿನಲ್ಲೇ ಇರ್ತೀನಿ."

"ಅಪ್ಪ, ನಿಂಗೆ ಬೇಜಾರಾಗಲ್ವಾ?"

ಆಗುತ್ತೆ ಎಂದೇ ಹೇಳಿದೆ. ಆದರೆ ನನ್ನಿಂದಾಗಿ ಮಗಳು ಒಂದು ಊರು ನೋಡಲಿಲ್ಲವೆಂದರೆ ಆಗುವ ಬೇಜಾರು ಅದಕ್ಕಿಂತ ದೊಡ್ಡದು. ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಟಿಕೆಟ್ಟಿಗೆ ಹಣ ಕಟ್ಟಿದೆವು.

ಸಿಂಗಪುರದಲ್ಲಿ ಹಡಗಿನ ಇಳಿಜಾರನ್ನು ನಾನೇ ಗಾಲಿ ತಿರುಗಿಸಿ ಏರಿದೆ. ನೆರವಿಗೆ ಬಂದ ಹುಡುಗ ಎರಡು ಹೆಜ್ಜೆ ಹಿಂದೆಯೇ ನಡೆದ, ಮುಟ್ಟಲಿಲ್ಲ. ಹೊಳೆಬಾಗಿಲು ನೆನಪಾಯಿತು. ಪೆನಾಂಗಿನಲ್ಲಿ ಹಳೆಯ ಅಂಗಡಿಗಳ ಜಗಲಿಗೆ ಮೆಟ್ಟಿಲಿದ್ದರೂ ರಸ್ತೆಯಂಚಿನಲ್ಲೇ ಸಾಗಿ ಮಧ್ಯಾಹ್ನದವರೆಗೆ ಸುತ್ತಿದೆವು.

ಫುಕೆಟ್‌ನ ದಿನ ಅವರಿಬ್ಬರೂ ಕೈಬೀಸಿ ಹೋದರು. ನಾನು ಮೇಲಿನ ಅಂತಸ್ತಿನಲ್ಲಿ ಒಬ್ಬನೇ ಕಾಫಿ ಹಿಡಿದು ಕೂತೆ. ಮೊದಲರ್ಧ ಗಂಟೆ ಕಷ್ಟವೇ ಆಯಿತು. ಆಮೇಲೆ ಹೊಳೆಯಿತು, "ಇವರನ್ನು ಸ್ವಲ್ಪ ನೋಡ್ಕೊಳ್ಳಿ" ಎಂದು ಯಾರಿಗೂ ವಹಿಸದೆ, ಮನೆಯಿಂದಾಚೆ ನಾನು ಹೀಗೆ ಒಬ್ಬನೇ ಕೂತದ್ದು ಇದೇ ಮೊದಲು. ಇನ್ನೊಂದು ಕಾಫಿ ತರಲು ನಾನೇ ಹೋದೆ.

ಸಂಜೆ ಮಗಳು ಓಡಿ ಬಂದಳು. ಮುಖ ಸಿಂಡರಿಸಿಕೊಂಡಿದ್ದಳು.

"ಅಪ್ಪ, ದೋಣಿ ಅಲುಗಾಡ್ತಿತ್ತು ಅಂತ ಇಬ್ಬರು ನನ್ನ ರಟ್ಟೆ ಹಿಡಿದು ಎತ್ತಿ ಇಳಿಸಿಬಿಟ್ರು. ನಾನೇ ಇಳೀತಿದ್ದೆ! ಕೇಳಲೇ ಇಲ್ಲ!"

ನಾನು ನಗಲಿಲ್ಲ. "ಮುಂದಿನ ಸಲ ಮೊದಲೇ ಹೇಳಿಬಿಡೋಣ" ಎಂದೆ.